ಕೋಟೆಯ ಮ್ಯೂಸಿಯಂನಲ್ಲಿ ಕಾಣದ ಕೊಡಗು: ಹಳೇ ಕಾಗದಗಳು ಎಲ್ಲಿವೆ, ಯಾಕೆ ಅಲ್ಲಿವೆ?

ಮಡಿಕೇರಿ ಕೋಟೆಯೊಳಗಿನ ಮ್ಯೂಸಿಯಂ ನೋಡಿ ಬಂದವರನ್ನು ಹೇಗಿತ್ತು ಅಂತ ಕೇಳಿ. ಉತ್ತರ ಹೆಚ್ಚುಕಡಿಮೆ ಒಂದೇ: ಚೆನ್ನಾಗಿದೆ, ಆದ್ರೆ ಬೇಗ ಮುಗಿದುಹೋಯ್ತು. ವೀರಗಲ್ಲು, ಜೈನ ವಿಗ್ರಹಗಳು, ಹಳೇ ಕತ್ತಿ, ಬಂದೂಕು. ಕಟ್ಟಡವೇ ಒಂದು ಚರ್ಚು, 1850ರ ದಶಕದಲ್ಲಿ ಬ್ರಿಟಿಷರು ಕಟ್ಟಿದ ಸೇಂಟ್ ಮಾರ್ಕ್ಸ್. ಹಾಗಾಗಿ ವಿಗ್ರಹಗಳಿಗಿಂತ ಕಿಟಕಿಯ ಬಣ್ಣದ ಗಾಜನ್ನೇ ಜಾಸ್ತಿ ಹೊತ್ತು ನೋಡುವವರೂ ಇದ್ದಾರೆ. ಆಮೇಲೆ ಹೊರಗಿನ ಎರಡು ಗಾರೆಯ ಆನೆಗಳ ಮುಂದೆ ಒಂದು ಫೋಟೊ, ಅಲ್ಲಿಗೆ ಕೊಡಗಿನ ಇತಿಹಾಸ ಮುಗಿದ ಹಾಗೆ.

ಆದರೆ ಈಚೆಗೆ ಕೊಡಗಿನ ಮನೆಮನೆಗಳಲ್ಲಿ ಹಳೇ ಕಾಗದದ ಮಾತು ಎದ್ದಿರುವುದು ಪ್ರವಾಸದ ಕಾರಣಕ್ಕಲ್ಲ. ಜಮ್ಮಾ ಬಾಣೆಯ (ಅರಸರ ಕಾಲದಿಂದ ವಂಶಕ್ಕೆ ಬಂದ ಜಮೀನಿನ) ಹಕ್ಕು, ಪಹಣಿಯಲ್ಲಿ ಇನ್ನೂ ಕೂತಿರುವ ಮುತ್ತಜ್ಜನ ಹೆಸರು, 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯ ಜೊತೆ ಮಣ್ಣುಪಾಲಾದ ಪತ್ರಗಳು, ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಂನಲ್ಲಿರುವ ಕಡತಗಳನ್ನು ಸ್ಕ್ಯಾನ್ ಮಾಡುವ ಸರ್ಕಾರದ 'ಭೂ ಸುರಕ್ಷಾ' ಕೆಲಸ, ಎಲ್ಲ ಸೇರಿ ಒಂದು ಪ್ರಶ್ನೆಗೆ ಬಂದು ನಿಂತಿವೆ. ನಮ್ಮ ಹಳೇ ದಾಖಲೆ ಎಲ್ಲಿ ಸಿಗುತ್ತೆ? ಮ್ಯೂಸಿಯಂನಲ್ಲಿ ಕೇಳಬೇಕಾ? ಇಲ್ಲದಿದ್ದರೆ ಯಾರನ್ನು ಕೇಳಬೇಕು? ಇದಕ್ಕೆ ಉತ್ತರ ಬೇಕಿದ್ದರೆ ಮೊದಲು ಪತ್ರಾಗಾರ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಬೇಕು.

## ಜಗಲಿ ಮತ್ತು ಒಳಕೋಣೆಯ ಪೆಟ್ಟಿಗೆ

ಒಂದು ಐನ್‌ಮನೆಗೆ, ಅಂದರೆ ಕೊಡಗಿನ ಕುಟುಂಬದ ಮೂಲ ಮನೆಗೆ, ಹೋದರೆ ನೆಂಟರಿಗೆ ಕಾಣುವುದು ಜಗಲಿ, ಕೆತ್ತಿದ ಕಂಬ, ಗೋಡೆಯ ಮೇಲಿನ ಬಂದೂಕು, ಹಿರಿಯರ ಫೋಟೊ. ಆದರೆ ಗದ್ದೆ ಯಾರದು, ಯಾವಾಗ ಪಾಲಾಯಿತು, ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದೆಲ್ಲ ಇರುವುದು ಒಳಕೋಣೆಯ ಪೆಟ್ಟಿಗೆಯಲ್ಲಿ. ಅದನ್ನು ನೆಂಟರಿಗೆ ತೋರಿಸುವುದಿಲ್ಲ. ಮ್ಯೂಸಿಯಂ ಅಂದರೆ ಆ ಜಗಲಿ, ಪತ್ರಾಗಾರ ಅಂದರೆ ಆ ಪೆಟ್ಟಿಗೆ.

ಮ್ಯೂಸಿಯಂ ಒಂದೊಂದೇ ವಸ್ತುವನ್ನು ಆರಿಸಿ ಇಡುತ್ತದೆ. ಚೆಂದ ಇರಬೇಕು, ಅಪರೂಪ ಇರಬೇಕು, ನೋಡಿದವರಿಗೆ ಒಂದು ಕತೆ ಹೇಳಬೇಕು. ಪತ್ರಾಗಾರಕ್ಕೆ ಚೆಂದದ ಹಂಗಿಲ್ಲ. ಒಂದು ಕಚೇರಿ ದಿನದಿನದ ಕೆಲಸ ಮಾಡುತ್ತಾ ಬರೆದ ಕಾಗದಗಳಲ್ಲಿ ಉಳಿಸಬೇಕಾದವು ಅಲ್ಲಿಗೆ ಬರುತ್ತವೆ: ಕಂದಾಯದ ಲೆಕ್ಕ, ಅರ್ಜಿ, ವರ್ಗಾವಣೆ ಆದೇಶ, ಸೇತುವೆಗೆ ಎಷ್ಟು ಸುಣ್ಣ ಬೇಕು ಅನ್ನುವ ಚೀಟಿ. ಒಂದು ಹಾಳೆ ತೆಗೆದು ನೋಡಿದರೆ ಏನೂ ಇಲ್ಲ ಅನಿಸುತ್ತದೆ. ನೂರು ಹಾಳೆ ಸಾಲಾಗಿ ಓದಿದರೆ ಒಂದು ಊರು ಎದ್ದು ನಿಲ್ಲುತ್ತದೆ.

ದೊಡ್ಡ ಮ್ಯೂಸಿಯಂಗಳಿಗೂ ಒಳಕೋಣೆ ಇದ್ದೇ ಇರುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ, ಅದರಲ್ಲಿ ಜನರಿಗೆ ನೋಡಲು ಇಟ್ಟಿರುವುದು ಸುಮಾರು 80 ಸಾವಿರ. ಅಂದರೆ ನೂರಕ್ಕೆ ಒಂದು. ಉಳಿದದ್ದೆಲ್ಲ ಗೋದಾಮಿನಲ್ಲಿ, ನಂಬರ್ ಹಚ್ಚಿಕೊಂಡು ಕೂತಿದೆ. ಆ ನಂಬರ್ ಮುಖ್ಯ. ಯಾವುದೇ ಮ್ಯೂಸಿಯಂನಲ್ಲಿ ವಿಗ್ರಹದ ಹಿಂಬದಿ ಅಥವಾ ಬುಡದಲ್ಲಿ ಸಣ್ಣಗೆ ಬರೆದ ಅಂಕಿ ಕಂಡರೆ ಅದು ನೋಂದಣಿ ಸಂಖ್ಯೆ. ಆ ಸಂಖ್ಯೆ ಹಿಡಿದು ರಿಜಿಸ್ಟರ್ ತೆಗೆದರೆ ಆ ಕಲ್ಲು ಯಾವ ಊರಿನ ಯಾವ ಗದ್ದೆಯ ಬದಿಯಿಂದ ಬಂತು ಅಂತ ಗೊತ್ತಾಗುತ್ತದೆ. ರಿಜಿಸ್ಟರ್ ಕಳೆದುಹೋದರೆ ಕಲ್ಲು ಉಳಿಯುತ್ತದೆ, ಅದರ ಊರು ಕಳೆದುಹೋಗುತ್ತದೆ.

## ಕಾಗದ ಊರನ್ನು ನೋಡುವುದಿಲ್ಲ, ಕಚೇರಿಯನ್ನು ನೋಡುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೊಡಗಿನ ಹಳೇ ಕಾಗದಗಳೆಲ್ಲ ಕೊಡಗಿನಲ್ಲಿರಬೇಕು ಅಂತ ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಅವು ಅಲ್ಲಿಲ್ಲ. ಯಾರೋ ಕದ್ದರು ಅಂತ ಹೇಳಿಬಿಡುವುದು ಸುಲಭ, ಆದರೆ ಬಹುಪಾಲು ಕಾಗದಗಳ ಮಟ್ಟಿಗೆ ಕಾರಣ ಅದಲ್ಲ.

ಪತ್ರಾಗಾರದವರು ನಂಬುವ ಒಂದು ಮೂಲ ನಿಯಮ ಇದೆ. ಕಾಗದವನ್ನು ವಿಷಯದ ಪ್ರಕಾರ ಜೋಡಿಸುವ ಹಾಗಿಲ್ಲ, ಅದನ್ನು ಹುಟ್ಟಿಸಿದ ಕಚೇರಿಯ ಪ್ರಕಾರ ಇಡಬೇಕು, ಆ ಕಚೇರಿ ಯಾವ ಕ್ರಮದಲ್ಲಿ ಇಟ್ಟಿತ್ತೋ ಅದೇ ಕ್ರಮದಲ್ಲಿ ಇಡಬೇಕು. 'ಕಾಫಿ' ಅಂತ ಒಂದು ಕಪಾಟು, 'ಕಾವೇರಿ' ಅಂತ ಇನ್ನೊಂದು ಕಪಾಟು ಅಲ್ಲಿರುವುದಿಲ್ಲ. ಯಾಕೆ ಅಂದರೆ ಒಂದು ಪತ್ರದ ಅರ್ಥ ಅದರ ಹಿಂದಿನ ಮತ್ತು ಮುಂದಿನ ಪತ್ರದಲ್ಲಿರುತ್ತದೆ. ಅರ್ಜಿಯನ್ನು ಉತ್ತರದಿಂದ ಬಿಡಿಸಿ ಬೇರೆ ಕಪಾಟಿಗೆ ಹಾಕಿದರೆ ಎರಡೂ ಕೆಟ್ಟವು.

ಈ ನಿಯಮವನ್ನು ಕೊಡಗಿಗೆ ಹಚ್ಚಿ ನೋಡಿ. ಕೊಡಗನ್ನು ಆಳಿದ ಕಚೇರಿ ಎಷ್ಟು ಸಲ ಬದಲಾಯಿತು? ಹಾಲೇರಿ ಅರಸರ ಮುದ್ದುರಾಜ 1681ರ ಹೊತ್ತಿಗೆ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ. ನಡುವೆ ಟಿಪ್ಪುವಿನ ಕಾಲ ಬಂತು, ಕೋಟೆಗೆ ಜಾಫರಾಬಾದ್ ಅಂತ ಹೆಸರಾಯಿತು. ಮತ್ತೆ ಹಾಲೇರಿಯವರು. 1834ರ ಏಪ್ರಿಲ್‌ನಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಆಮೇಲೆ ಬೆಂಗಳೂರಿನಲ್ಲಿ ಕೂತು ಮೈಸೂರನ್ನು ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಅಧಿಕಾರಿಯೇ ಬಹುಕಾಲ ಕೊಡಗಿಗೂ ಮೇಲಧಿಕಾರಿ. ಸ್ವಾತಂತ್ರ್ಯದ ನಂತರ 'ಸಿ' ವರ್ಗದ ರಾಜ್ಯ, 1952ರಲ್ಲಿ 24 ಜನರ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದ ಒಂದು ಜಿಲ್ಲೆ.

ಪ್ರತಿ ಬಾರಿ ಕಚೇರಿ ಬದಲಾದಾಗ ಕಾಗದವೂ ಅದರ ಹಿಂದೆ ನಡೆಯಿತು.

ಕಂಪನಿ ಕಾಲದ ಒಂದು ಪತ್ರದ ದಾರಿ ಹಿಡಿದು ಹೋದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಡಿಕೇರಿಯ ಅಧಿಕಾರಿ ಬೆಂಗಳೂರಿಗೆ ಬರೆದ ಪತ್ರದ ಒಂದು ನಕಲು ಮಡಿಕೇರಿಯ ಪುಸ್ತಕದಲ್ಲಿ ಉಳಿಯಿತು. ಅಸಲು ಬೆಂಗಳೂರಿಗೆ ಹೋಯಿತು. ವಿಷಯ ದೊಡ್ಡದಾಗಿದ್ದರೆ ಅದನ್ನು ಲಗತ್ತಿಸಿ ಬೆಂಗಳೂರಿನವರು ಕಲ್ಕತ್ತೆಯ ಗವರ್ನರ್ ಜನರಲ್‌ಗೆ ಬರೆದರು. ಕಲ್ಕತ್ತೆಯವರು ನಡಾವಳಿಯ ನಕಲುಗಳನ್ನು ಹಡಗಿನಲ್ಲಿ ಲಂಡನ್ನಿಗೆ ಕಳಿಸಿದರು, ಯಾಕೆಂದರೆ ಕಂಪನಿಯ ಯಜಮಾನರು ಕೂತಿದ್ದು ಅಲ್ಲಿ. ಒಂದೇ ಮಾತು ನಾಲ್ಕು ಊರಿನಲ್ಲಿ! ಆ ಕಾಲಕ್ಕೆ ಇದು ಗುಮಾಸ್ತರ ಕೈ ಸೋಲಿಸುವ ಕೆಲಸ. ಆದರೆ ಇವತ್ತು ಹುಡುಕುವವರಿಗೆ ಅದೇ ವರ. ಮಡಿಕೇರಿಯ ನಕಲು ಮಳೆಗೆ ಬೂಸ್ಟು ಹಿಡಿದು ಹೋಗಿದ್ದರೂ ಲಂಡನ್ನಿನದು ಇರಬಹುದು.

ಹಾಗಾಗಿ ಕೊಡಗಿನ ಕಾಗದಗಳ ಈಗಿನ ವಿಳಾಸಗಳು ಹೀಗಿವೆ. ಮಡಿಕೇರಿ, ಬೆಂಗಳೂರಿನ ಆಡಳಿತದ ಹಳೇ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತವೆ. ಕಲ್ಕತ್ತೆಗೆ ಹೋದವು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಈ ಸಂಸ್ಥೆ 1891ರಲ್ಲಿ ಕಲ್ಕತ್ತೆಯಲ್ಲೇ ಶುರುವಾಗಿ ರಾಜಧಾನಿಯ ಹಿಂದೆಯೇ ದೆಹಲಿಗೆ ಹೋಯಿತು. ಲಂಡನ್ನಿಗೆ ಹೋದವು ಬ್ರಿಟಿಷ್ ಲೈಬ್ರರಿಯ 'ಇಂಡಿಯಾ ಆಫೀಸ್ ರೆಕಾರ್ಡ್ಸ್' ವಿಭಾಗದಲ್ಲಿವೆ. ಆ ವಿಭಾಗದ ಕಪಾಟುಗಳನ್ನು ಸಾಲಾಗಿ ಇಟ್ಟರೆ 14 ಕಿಲೋಮೀಟರ್ ಆಗುತ್ತದಂತೆ.

ಸರ್ಕಾರದ ಹೊರಗೂ ಕಾಗದ ಹುಟ್ಟುತ್ತದೆ. 1853ರಲ್ಲಿ ಜರ್ಮನ್ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದು ಕೆಲಸ ಶುರು ಮಾಡಿದರು. ಸಿದ್ದಾಪುರದ ಹತ್ತಿರದ ಆನಂದಪುರ ಅವರು ಕಟ್ಟಿದ ನೆಲೆ. ಬಾಸೆಲ್ ಮಿಶನ್ ಜೊತೆ ನಂಟಿದ್ದ ಇಂಥ ಪಾದ್ರಿಗಳ ವರದಿ, ಪತ್ರ, ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿವೆ, ಹಳೇ ಫೋಟೊಗಳನ್ನು ಮನೆಯಲ್ಲೇ ಕೂತು ಇಂಟರ್‌ನೆಟ್‌ನಲ್ಲಿ ನೋಡಬಹುದು. ಮಿಶನ್ನಿನ ಇನ್ನೊಂದಷ್ಟು ಹಳೇ ಸಂಗ್ರಹ ಮಂಗಳೂರಿನ ಬಲ್ಮಠದ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿದೆ.

ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೆ ಹೋದ. ಮಗಳ ದೀಕ್ಷಾಸ್ನಾನದಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮತಾಯಿ. ಅಪ್ಪ ತನ್ನ ಹಣ ವಾಪಸ್ ಕೊಡಿ ಅಂತ ಕಂಪನಿಯ ಮೇಲೆ ಅಲ್ಲಿನ ಕೋರ್ಟಿನಲ್ಲಿ ದಾವೆ ಹಾಕಿದ. ಅದು ಗೆಲ್ಲಲಿಲ್ಲ, 1859ರಲ್ಲಿ ಆತ ಲಂಡನ್ನಿನಲ್ಲೇ ತೀರಿಕೊಂಡ. ಅಂದರೆ ಕೊಡಗಿನ ಕೊನೆಯ ಅರಸನ ಕೊನೆಯ ವರ್ಷಗಳನ್ನು ತಿಳಿಯಬೇಕಿದ್ದರೆ ಇಂಗ್ಲೆಂಡಿನ ಕೋರ್ಟ್ ಕಾಗದಗಳನ್ನೂ ನೋಡಬೇಕು. ವಿಚಿತ್ರ ಅನಿಸಬಹುದು, ಆದರೆ ಮೇಲಿನ ನಿಯಮದ ಪ್ರಕಾರ ಸರಿಯಾಗಿಯೇ ಇದೆ.

## ಒಂದೇ ದಂಗೆ, ಎರಡು ಪ್ರಾಂತ್ಯದ ಕಡತ

ಈ ನಿಯಮ ಎಷ್ಟು ತೊಡಕು ಮಾಡುತ್ತದೆ ಅನ್ನುವುದಕ್ಕೆ ಕಂಪನಿಯ ವಿರುದ್ಧ ಎದ್ದ 1837ರ ಅಮರಸುಳ್ಯ ದಂಗೆಯೇ ಸಾಕ್ಷಿ. ಸುಳ್ಯ, ಪುತ್ತೂರಿನ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು. 1834ರ ನಂತರ ಕಂಪನಿ ಅದನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಕೆನರಾ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮೂರು ವರ್ಷಕ್ಕೆ ದಂಗೆ ಎದ್ದಿತು. ದಂಗೆಯ ಜನ ಮಂಗಳೂರಿನ ಕಡೆ ನಡೆದರು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಜನರ ಲೆಕ್ಕದಲ್ಲಿ ಇದು ಒಂದೇ ದಂಗೆ. ಕಡತದ ಲೆಕ್ಕದಲ್ಲಿ ಎರಡು. ಘಟ್ಟದ ಮೇಲಿನ ಸಂಗತಿಯನ್ನು ಮಡಿಕೇರಿಯವರು ಬೆಂಗಳೂರಿಗೆ ಬರೆದರು. ಘಟ್ಟದ ಕೆಳಗಿನದನ್ನು ಮಂಗಳೂರಿನವರು ಮದ್ರಾಸಿಗೆ ಬರೆದರು. ಮದ್ರಾಸಿನ ಕಾಗದಗಳಿಗೆ ಈಗ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಒಂದು ಕಡೆ ಮಾತ್ರ ನೋಡಿ ಬರೆದವರ ಕತೆ ಘಟ್ಟದ ಅಂಚಿನಲ್ಲಿ ನಿಂತುಬಿಡುತ್ತದೆ.

ಇನ್ನೂ ಒಂದು ಎಚ್ಚರಿಕೆ. ಈ ಎರಡೂ ಕಡೆಯ ಕಡತ ಬರೆದವರು ದಂಗೆ ಅಡಗಿಸಿದವರು. ಎದ್ದವರ ಮಾತು ಅಲ್ಲಿ ಬಂದರೂ ವಿಚಾರಣೆಯ ಹೇಳಿಕೆಯಾಗಿ, ಅಧಿಕಾರಿಯ ಇಂಗ್ಲಿಷಿನಲ್ಲಿ ಬರುತ್ತದೆ. ಅರಸರ ಕಾಗದಕ್ಕೂ ಇದೇ ಮಾತು ಸಲ್ಲುತ್ತದೆ. ಹಾಲೇರಿಯ ಅರಸ ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಅಂತ ಬರೆಸಿದ, ಅದು 1808ರಲ್ಲೇ ಇಂಗ್ಲಿಷಿಗೂ ಹೋಯಿತು. ತುಂಬಾ ಬೆಲೆಬಾಳುವ ದಾಖಲೆ. ಆದರೆ ಬರೆಸಿದವನು ಅರಸ, ಹೊಗಳಿಸಿಕೊಂಡವನೂ ಅರಸ. ಇದನ್ನು ನೆನಪಿಟ್ಟು ಓದಬೇಕು, ಅಷ್ಟೇ.

## ಹಳೇದು ಅಂತ ಬರೆದಿದ್ದ ಮಾತ್ರಕ್ಕೆ ಹಳೇದಾ?

ಮಡಿಕೇರಿಯ ಖಜಾನೆಯಲ್ಲಿ ಸಿಕ್ಕ ಒಂದು ತಾಮ್ರಪಟ ಇತಿಹಾಸದವರ ನಡುವೆ 'ಮರ್ಕೆರಾ ತಾಮ್ರಪಟ' ಅಂತಲೇ ಹೆಸರುವಾಸಿ (ಮರ್ಕೆರಾ ಅಂದರೆ ಬ್ರಿಟಿಷರ ಬಾಯಲ್ಲಿ ಮಡಿಕೇರಿ). ಗಂಗರ ಅರಸ ಅವಿನೀತನ ಹೆಸರು ಅದರಲ್ಲಿದೆ. ತಲಕಾಡಿನ ಒಂದು ಜಿನಾಲಯಕ್ಕೆ ಬದನೆಗುಪ್ಪೆ ಊರನ್ನು ಬಿಟ್ಟುಕೊಟ್ಟ ಸಂಗತಿ ಇದೆ. ವರ್ಷ 388. ಅದನ್ನು ಶಕವರ್ಷ ಅಂತ ಹಿಡಿದರೆ ಕ್ರಿ.ಶ. 466 ಆಗುತ್ತದೆ. ಅಬ್ಬಾ, ಅಷ್ಟು ಹಳೇದು!

ಆದರೆ ಲಿಪಿ ಬಲ್ಲವರು ಅಕ್ಷರಗಳನ್ನು ನೋಡಿ ತಲೆ ಅಲ್ಲಾಡಿಸಿದರು. ಅಕ್ಷರದ ರೂಪ ಕಾಲಕಾಲಕ್ಕೆ ಬದಲಾಗುತ್ತದೆ, ಐದನೇ ಶತಮಾನದ ಕೈಬರಹ ಹೀಗಿರುವುದಿಲ್ಲ, ಇದು ಅದಕ್ಕಿಂತ ನೂರಾರು ವರ್ಷ ಈಚಿನದು ಅನ್ನುವುದು ಅವರ ವಾದ. ಅಸಲು ಅಂದವರೂ ಇದ್ದಾರೆ. ಹಳೇ ದಾನವನ್ನು ಆಮೇಲೆ ಯಾರೋ ಹೊಸದಾಗಿ ಕೊರೆಸಿರಬಹುದು, ಇಲ್ಲವೇ ಇಲ್ಲದ ದಾನವನ್ನು ಹಳೇ ಅರಸನ ಹೆಸರಿನಲ್ಲಿ ಹುಟ್ಟಿಸಿರಬಹುದು. ಜಮೀನಿನ ಕಾಗದಕ್ಕೆ ಹಳೇ ತಾರೀಖು ಹಾಕುವ ಆಸೆ ಇವತ್ತಿನದೇನೂ ಅಲ್ಲ ನೋಡಿ.

ಕಾಗದದ ವಿಷಯದಲ್ಲೂ ಪರೀಕ್ಷೆಗಳಿವೆ. ಇಂಗ್ಲೆಂಡಿನಿಂದ ಬರುತ್ತಿದ್ದ ಬರೆಯುವ ಹಾಳೆಯನ್ನು ಬೆಳಕಿಗೆ ಹಿಡಿದರೆ ಒಳಗೆ ತಯಾರಕರ ಗುರುತು ಕಾಣುತ್ತದೆ, ಅದರಲ್ಲಿ ಎಷ್ಟೋ ಸಲ ಇಸವಿಯೂ ಇರುತ್ತದೆ. ವಾಟರ್‌ಮಾರ್ಕ್‌ನಲ್ಲಿ 1829 ಅಂತ ಇದ್ದು ಮೇಲೆ 1820 ಅಂತ ಬರೆದಿದ್ದರೆ ಅದು ನಕಲು ಪ್ರತಿ ಇರಬೇಕು, ಇಲ್ಲ ಮೋಸ ಇರಬೇಕು. ಶಾಯಿ, ಮೊಹರು, ಕೈಬರಹ ಎಲ್ಲವನ್ನೂ ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳುವುದು ಒಂದು ಪ್ರಶ್ನೆ: ಈ ಕಾಗದ ಇಲ್ಲಿಯವರೆಗೆ ಯಾರ ಯಾರ ಕೈಯಲ್ಲಿತ್ತು? ಕಚೇರಿಯ ಕಟ್ಟಿನಲ್ಲಿ, ತನ್ನ ಜಾಗದಲ್ಲಿ, ಹಿಂದಿನ ಮುಂದಿನ ನಂಬರಿನ ನಡುವೆ ಕೂತಿರುವ ಕಾಗದಕ್ಕೆ ಇರುವ ತೂಕ ಸಂತೆಯಲ್ಲಿ ಕೊಂಡ ಬಿಡಿ ಹಾಳೆಗೆ ಇರುವುದಿಲ್ಲ. ಹಳೇ ಕ್ರಮ ಕೆಡಿಸಬೇಡಿ ಅಂತ ಪತ್ರಾಗಾರದವರು ಹಠ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ತಾರೀಖಿನಲ್ಲಿ ಇನ್ನೊಂದು ತಮಾಷೆ ಇದೆ. ಹಳೇ ಕನ್ನಡ ಪತ್ರಗಳಲ್ಲಿ ಬರೀ ಸಂವತ್ಸರದ ಹೆಸರು ಬರೆದಿರುತ್ತಾರೆ. ಸಂವತ್ಸರಗಳು 60, ಆಮೇಲೆ ಮತ್ತೆ ಮೊದಲಿಂದ. 'ಜಯ ಸಂವತ್ಸರ' ಅಂತ ಮಾತ್ರ ಇದ್ದರೆ ಅದು 1774–75 ಆಗಬಹುದು, 1834–35 ಆಗಬಹುದು, 1894–95 ಕೂಡ ಆಗಬಹುದು. ಶಕವರ್ಷವನ್ನೂ ಬರೆದಿದ್ದರೆ ಬಚಾವ್. ಇಲ್ಲದಿದ್ದರೆ ಪತ್ರದೊಳಗಿನ ಹೆಸರುಗಳನ್ನು ಹಿಡಿದು ಲೆಕ್ಕ ಹಾಕಬೇಕು.

## 1834ರ ಹಾಳೆ ಗಟ್ಟಿ, 1944ರದ್ದು ಪುಡಿ

ಹಳೇ ಕಡತ ಬಿಚ್ಚಿದವರಿಗೆ ಮೊದಲು ಅಚ್ಚರಿ ಆಗುವುದು ಇಲ್ಲಿ. ಇನ್ನೂರು ವರ್ಷದ ಹಾಳೆ ಬಟ್ಟೆಯ ಹಾಗೆ ಬಾಗುತ್ತದೆ. ಎಂಬತ್ತು ವರ್ಷದ ಹಾಳೆ ಮುಟ್ಟಿದರೆ ಅಂಚು ಮುರಿದು ಕೈಗೆ ಬರುತ್ತದೆ. ಇದೇನು ಉಲ್ಟಾ ಅಲ್ವಾ?

ಕಾರಣ ಕಾಗದ ಮಾಡುವ ಬಗೆಯಲ್ಲಿದೆ. ಮೊದಲು ಹತ್ತಿ, ನಾರಿನ ಚಿಂದಿ ಬಟ್ಟೆ ಅರೆದು ಕಾಗದ ಮಾಡುತ್ತಿದ್ದರು. ಎಳೆ ಉದ್ದ, ಹಾಳೆ ಗಟ್ಟಿ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಅಗ್ಗದ ಕಾಗದ ಬಂತು. ಶಾಯಿ ಹರಡದಿರಲಿ ಅಂತ ಅದಕ್ಕೆ ಪಟಿಕ ಮತ್ತು ರಾಳ ಸೇರಿಸಿದರು. ಪಟಿಕದಿಂದ ಕಾಗದದೊಳಗೆ ನಿಧಾನಕ್ಕೆ ಆಮ್ಲ ಹುಟ್ಟುತ್ತದೆ. ಅದು ಎಳೆಗಳನ್ನು ಒಳಗಿಂದಲೇ ಕತ್ತರಿಸುತ್ತಾ ಹೋಗುತ್ತದೆ, ಹಾಳೆ ಹಳದಿಯಾಗಿ ಹಪ್ಪಳವಾಗುತ್ತದೆ. ಕಪಾಟಿನಲ್ಲಿ ಬೀಗ ಹಾಕಿಟ್ಟರೂ ಇದು ನಿಲ್ಲುವುದಿಲ್ಲ.

ಇದರ ಮೇಲೆ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಚಪ್ಪಲಿ, ಬೆಲ್ಟು, ಕೊಡೆಯ ಹಿಡಿ ಎಲ್ಲಕ್ಕೂ ಬೂಸ್ಟು ಬರುತ್ತದೆ, ಕಾಗದ ಬಿಡುತ್ತದಾ? ಗಾಳಿಯ ತೇವ ನೂರಕ್ಕೆ 65 ದಾಟಿ ಹಾಗೇ ನಿಂತರೆ ಬೂಸ್ಟು ಬೆಳೆಯುವುದಕ್ಕೆ ಅನುಕೂಲ. ತೇವ ಆಮ್ಲದ ಕೆಲಸವನ್ನೂ ಚುರುಕು ಮಾಡುತ್ತದೆ. ಆಮೇಲೆ ಬೆಳ್ಳಿಹುಳ, ಗೆದ್ದಲು. ಪತ್ರಾಗಾರಗಳಲ್ಲಿ ತೇವ, ಬಿಸಿ ಏರಿಳಿಯದ ಹಾಗೆ ನೋಡಿಕೊಳ್ಳುವುದು, ಹುಳಕ್ಕೆ ಹೊಗೆ ಹಾಕುವುದು, ಸುಣ್ಣದ ತಿಳಿಯಂಥ ಕ್ಷಾರದ ನೀರಿನಿಂದ ಆಮ್ಲ ಕಳೆಯುವುದು, ಹರಿದಲ್ಲಿ ತೆಳ್ಳನೆಯ ಟಿಶ್ಯೂ ಕಾಗದ ಅಂಟಿಸುವುದು ದಿನದ ಕೆಲಸ. ಒಬ್ಬರು ದಿನವಿಡೀ ಕೂತರೂ ಕೆಲವೇ ಹಾಳೆ ಮುಗಿಯುತ್ತವೆ.

ಓಲೆಗರಿಯದು ಬೇರೆ ಕತೆ. ಅಲ್ಲಿ ಬರೆಯುವುದು ಕಂಟದಿಂದ, ಅಂದರೆ ಗರಿಯನ್ನು ಗೀರಿ. ಗೀರಿದ ಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತದೆ. ಆ ಮಸಿ ಹೋದರೆ ಗರಿ ಖಾಲಿ ಇದ್ದ ಹಾಗೆ ಕಾಣುತ್ತದೆ, ಬರಹ ಮಾತ್ರ ಹಾಗೇ ಇರುತ್ತದೆ. ಖಾಲಿ ಗರಿ ಅಂತ ಒಲೆಗೆ ಹಾಕುವ ಮುಂಚೆ ಓರೆ ಬೆಳಕಿನಲ್ಲಿ ಒಮ್ಮೆ ನೋಡಿ.

## ಜಮ್ಮಾ ಕಾಗದ ಹುಡುಕುವವರಿಗೆ

ಜಮ್ಮಾ ಅಂದರೆ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ವಂಶಪಾರಂಪರ್ಯವಾಗಿ ಕೊಟ್ಟ ಜಮೀನು. 'ಸಾಗು' ಅನ್ನುವ, ಪೂರ್ತಿ ಕಂದಾಯದ ಜಮೀನಿಗೆ ಇದ್ದ ಕಂದಾಯದ ಅರ್ಧ ಕಟ್ಟಿದರೆ ಸಾಕಿತ್ತು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆ ಅಂತ ಬಿಟ್ಟ ಗುಡ್ಡದ ಜಾಗ ಬಾಣೆ. ಹಾಲೇರಿಯ ಇನ್ನೊಬ್ಬ ಅರಸ ಲಿಂಗರಾಜೇಂದ್ರ ಜಮೀನುಗಳನ್ನು ಅಳೆಸಿ ಬರೆಸಿದ ಲೆಕ್ಕಕ್ಕೆ ಸಿಸ್ತು ಅನ್ನುತ್ತಾರೆ. ಆಸ್ತಿ ಇಡೀ ಒಕ್ಕದ್ದು, ಅಂದರೆ ಒಂದೇ ಮನೆತನದ್ದು, ಆದ್ದರಿಂದ ಹಿರಿಯರೊಬ್ಬರ ಹೆಸರು ಪಟ್ಟೇದಾರ ಅಂತ ನಿಲ್ಲುತ್ತಿತ್ತು. ಅದೇ ಹೆಸರು ಇವತ್ತಿನ ಪಹಣಿಗೂ ಇಳಿದು ಬಂದು ತಲೆನೋವಾಗಿರುವುದು.

ಇಲ್ಲಿ ಮೊದಲು ಹೋಗಬೇಕಾದ್ದು ಮ್ಯೂಸಿಯಂಗೂ ಅಲ್ಲ, ಪತ್ರಾಗಾರಕ್ಕೂ ಅಲ್ಲ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಂಗೆ. ಇನ್ನೂ ಬಳಕೆಯಲ್ಲಿರುವ ದಾಖಲೆ ಕಚೇರಿಯಲ್ಲೇ ಇರುತ್ತದೆ. ಬಳಕೆ ಮುಗಿದು, ಶಾಶ್ವತವಾಗಿ ಇಡಬೇಕು ಅಂತ ತೀರ್ಮಾನ ಆದದ್ದು ಮಾತ್ರ ಪತ್ರಾಗಾರಕ್ಕೆ ಹೋಗುತ್ತದೆ. ಉಳಿದದ್ದನ್ನು ನಿಯಮದ ಪ್ರಕಾರ ನಾಶ ಮಾಡುತ್ತಾರೆ. ಹಾಗಾಗಿ "ನಮ್ಮ ಕಡತ ಇಲ್ಲ" ಅನ್ನುವ ಉತ್ತರ ಬಂದರೆ ಕಳೆದಿದೆಯಾ, ವರ್ಗಾಯಿಸಿದ್ದಾರಾ, ನಾಶ ಮಾಡಿದ್ದಾರಾ ಅಂತ ಬಿಡಿಸಿ ಕೇಳಬೇಕು. ಮೂರಕ್ಕೂ ಬೇರೆ ಬೇರೆ ರಿಜಿಸ್ಟರ್ ಇರಬೇಕು.

ಸ್ಕ್ಯಾನ್ ಆದಮೇಲೆ ಎಲ್ಲ ಸುಲಭ ಅಂತಲೂ ಇಲ್ಲ. ಸ್ಕ್ಯಾನ್ ಅಂದರೆ ಚಿತ್ರ. ಸರ್ವೆ ನಂಬರ್, ಊರು, ಹೆಸರು ಹಾಕಿ ಪಟ್ಟಿ ಮಾಡಿದ್ದರೆ ಮಾತ್ರ ಆ ಚಿತ್ರ ಹುಡುಕಿದಾಗ ಸಿಗುತ್ತದೆ. ಪಟ್ಟಿಯಲ್ಲಿ ಹೆಸರು ತಪ್ಪಾಗಿ ಕೂತರೆ ಕಾಗದ ಇದ್ದೂ ಇಲ್ಲದ ಹಾಗೆ.

ಪತ್ರಾಗಾರಕ್ಕೇ ಹೋಗುವುದಾದರೆ "ಕೊಡಗಿನ ಕಾಗದ ತೋರಿಸಿ" ಅಂದರೆ ಕೆಲಸ ಆಗುವುದಿಲ್ಲ. ಯಾವ ಕಚೇರಿ, ಯಾವ ಇಲಾಖೆ, ಯಾವ ವರ್ಷ ಅಂತ ಹೇಳಬೇಕು. ಅಲ್ಲಿನ ಸೂಚಿ ನೋಡಿ ಕಡತದ ನಂಬರ್ ಚೀಟಿಯಲ್ಲಿ ಬರೆದು ಕೊಟ್ಟರೆ ಒಳಗಿಂದ ತಂದುಕೊಡುತ್ತಾರೆ. ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ. ಚೀಲ ಹೊರಗೆ, ಗುರುತಿನ ಚೀಟಿ ಜೊತೆಗೆ. ರಾಷ್ಟ್ರೀಯ ಪತ್ರಾಗಾರದ್ದನ್ನು 'ಅಭಿಲೇಖ್ ಪಟಲ್' ಅನ್ನುವ ಜಾಲತಾಣದಲ್ಲಿ ಮೊದಲೇ ಹುಡುಕಿಕೊಳ್ಳಬಹುದು. ಹುಡುಕುವಾಗ ಕೊಡಗು ಅಂತ ಹಾಕಿದರೆ ಹೆಚ್ಚೇನೂ ಸಿಗದು. ಕೂರ್ಗ್, ಮರ್ಕೆರಾ ಅಂತ ಇಂಗ್ಲಿಷಿನಲ್ಲಿ ಹಾಕಿ, ಕುಶಾಲನಗರಕ್ಕೆ ಫ್ರೇಸರ್‌ಪೇಟ್ ಅಂತ ಹಾಕಿ. 1834ರ ಸೈನ್ಯದ ಜೊತೆ ಬಂದ ಕರ್ನಲ್ ಫ್ರೇಸರ್‌ನ ಹೆಸರು ಅದು, ಕಡತಗಳಲ್ಲಿ ಹಾಗೇ ಉಳಿದಿದೆ.

## ಮನೆಯಲ್ಲಿರುವ ಕಾಗದ

ಮಳೆಗಾಲದಲ್ಲಿ ಪತ್ರ ನೆನೆದರೆ ಎರಡು ದಿನದೊಳಗೆ ಏನಾದರೂ ಮಾಡಬೇಕು, ಆಮೇಲೆ ಬೂಸ್ಟು ಶುರು. ಬಿಸಿಲಿಗೆ ಹಾಕಬೇಡಿ, ಒಲೆಯ ಮೇಲೂ ಬೇಡ. ಹಾಳೆಗಳ ನಡುವೆ ಹೀರುವ ಬಿಳಿ ಕಾಗದ ಇಟ್ಟು ಫ್ಯಾನ್ ಗಾಳಿಯಲ್ಲಿ ಒಣಗಿಸಿ, ನೆನೆದ ಬಿಳಿ ಹಾಳೆಯನ್ನು ಬದಲಿಸುತ್ತಿರಿ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಕಾಗದ ತುಂಬಾ ಇದ್ದು ಒಣಗಿಸಲು ಪುರುಸೊತ್ತೇ ಇಲ್ಲ ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರ್‌ಗೆ ಇಡಿ. ಬೂಸ್ಟು ಅಲ್ಲಿಗೆ ನಿಲ್ಲುತ್ತದೆ, ಪುರುಸೊತ್ತಾದಾಗ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಬಹುದು. ಪಂದಿಕರಿಯ ಪೊಟ್ಟಣದ ಪಕ್ಕ ಸಿಸ್ತಿನ ನಕಲು ಇಟ್ಟರೆ ಮನೆಯಲ್ಲಿ ಜಗಳ ಆಗಬಹುದು, ಅದನ್ನು ನೀವೇ ಬಗೆಹರಿಸಿಕೊಳ್ಳಿ.

ಹಳೇ ಪತ್ರಕ್ಕೆ ಬೆಲೆ ಕಟ್ಟಿ ಕೊಳ್ಳಲು ಬರುವವರಿದ್ದಾರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಬೆಲೆ ಇರುವ ಹಸ್ತಪ್ರತಿಯೂ ಪುರಾತನ ವಸ್ತುವೇ, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಪತ್ರಾಗಾರಕ್ಕೆ ಕೊಡಲು ಮನಸ್ಸಿದ್ದರೆ ಇಡೀ ಕಟ್ಟನ್ನು ಇದ್ದ ಹಾಗೇ ಕೊಡಿ, ಮುಖ್ಯ ಅನಿಸಿದ್ದನ್ನು ಮಾತ್ರ ಆರಿಸಿ ಕೊಡಬೇಡಿ. ಕೊಡಲು ಮನಸ್ಸಿಲ್ಲದಿದ್ದರೆ ಎರಡು ಬದಿಯೂ ಕಾಣುವ ಹಾಗೆ ಫೋಟೊ ತೆಗೆದು, ಯಾರ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಬೇರೆ ಹಾಳೆಯಲ್ಲಿ ಬರೆದಿಡಿ.

ಮತ್ತೆ, ದಯವಿಟ್ಟು ಲ್ಯಾಮಿನೇಷನ್ ಅಂಗಡಿಗೆ ಮಾತ್ರ ಒಯ್ಯಬೇಡಿ. ಬಿಸಿಗೆ ಅಂಟಿದ ಆ ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಪೆಟ್ಟಾಗದ ಹಾಗೆ ಬಿಡಿಸುವುದು ಪತ್ರಾಗಾರದವರಿಗೂ ಕಷ್ಟ, ಒಳಗೆ ಸಿಕ್ಕ ತೇವ, ಆಮ್ಲ ಅಲ್ಲೇ ಕೂತು ತನ್ನ ಕೆಲಸ ಮುಂದುವರಿಸುತ್ತದೆ. ಮೂಲಪತ್ರವನ್ನು ಮಡಿಸದೆ ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಇಟ್ಟು, ಜೆರಾಕ್ಸ್ ಪ್ರತಿಯನ್ನು ಬೇಕಾದರೆ ಲ್ಯಾಮಿನೇಟ್ ಮಾಡಿಸಿಕೊಳ್ಳಿ.